ಪೆಟ್ಟಿಗೆ ಬೇಡದ ಬೆಂಕಿಕಡ್ಡಿ

ಗ್ಯಾಸ್ ಏಜೆನ್ಸಿಗೆ ಹೊಸದಾಗಿ ಮೆಕ್ಯಾನಿಕ್ ಆಗಿ ಸೇರಿದವರು ಈಗಲೂ ಒಬ್ಬೊಬ್ಬರು ನಮ್ಮನೆಗೆ ಬರ್ತಾರೆ. ಪೆನ್ನಾಗರಂ ಬಸ್‌ಸ್ಟ್ಯಾಂಡಿನಲ್ಲಿ ಇಳಿದು "ಗ್ಯಾಸ್ ಮಾದೇಶಣ್ಣನ ಮನೆ ಯಾವುದು" ಅಂದ್ರೆ ಹೂ ಮಾರೋಳೂ ತೋರಿಸ್ತಾಳೆ. ಬಂದವರು ಕಾಫಿ ಕುಡಿದು ಕೇಳೋದು ಒಂದೇ ಮಾತು: "ಅಣ್ಣಾ, ಕೆಲಸ ಕಷ್ಟನಾ?"

ಏನ್ ಕಷ್ಟ? ಒಂದು ಸ್ಪ್ಯಾನರ್, ಒಂದಿಷ್ಟು ವಾಷರ್, ಬಾಟಲಿಯಲ್ಲಿ ಸೋಪಿನ ನೀರು. ಬುದ್ಧಿ ಇದ್ದೋನು ಒಂದು ಮಳೆಗಾಲ ಕಳೆಯೋದರೊಳಗೆ ಕಲೀತಾನೆ. ಕಷ್ಟ ಇರೋದು ಹೆದರೋದ್ರಲ್ಲಿ. ನೀವು ಹೆದರಬೇಕು ಕಣ್ರಪ್ಪಾ, ದಿನಾ ಹೆದರಬೇಕು, ರಿಟೈರ್ ಆಗೋ ದಿನವೂ ಹೆದರಿಕೊಂಡೇ ಒಬ್ಬರ ಅಡುಗೆಮನೆಗೆ ಕಾಲಿಡಬೇಕು. ನಾನು ಮೊದಲಿಂದಲೂ ಪುಕ್ಕಲ. ನಮ್ಮ ಏಜೆನ್ಸಿಯವರೆಲ್ಲ ಅದನ್ನೇ ಹೇಳಿ ನಗ್ತಿದ್ರು. ನಗಲಿ ಬಿಡಿ, ನನಗೇನು ನಾಚಿಕೆಯಿಲ್ಲ.

ಕೆಲಸ ಕಲಿತದ್ದು ಓಮಲೂರಿನಲ್ಲಿ, ಗೋವಿಂದಣ್ಣ ಅನ್ನೋ ಹಿರಿಯ ಮೆಕ್ಯಾನಿಕ್ ಕೈಕೆಳಗೆ. ಆ ಮನುಷ್ಯನಿಗೆ ಹೆದರಿಕೆ ಅನ್ನೋದೇ ಗೊತ್ತಿರಲಿಲ್ಲ, ಅದೇ ಅವನ ಪೀಡೆ. ಗ್ಯಾಸ್ ಎಲ್ಲಿ ಸೋರ್ತಾ ಇದೆ ಅಂತ ನೋಡೋಕೆ ಬೆಂಕಿಕಡ್ಡಿ ಗೀರಿ ಟ್ಯೂಬಿನುದ್ದಕ್ಕೂ ಹಿಡಿಯೋನು. ಸೋರೋ ಜಾಗದಲ್ಲಿ ನೀಲಿ ಉರಿ ಪುಳಕ್ ಅಂತ ಎದ್ದರೆ "ಇಗೋ, ಸಿಕ್ತು ಕಳ್ಳ" ಅಂತ ಅದನ್ನ ಅಂಗೈಯಿಂದ ಹೊಸಕಿ ಆರಿಸೋನು. ಆಗ ಎಲ್ಲರೂ ಹಾಗೇ ಮಾಡ್ತಿದ್ರು. ಸೋಪಿನ ನೀರು ಹಾಕಿ ಗುಳ್ಳೆ ಏಳುತ್ತಾ ಅಂತ ನೋಡೋದು ಹೆಂಗಸರ ಕೆಲಸ ಅಂತ ಅವನ ಲೆಕ್ಕ.

ಒಂದು ದಿನ ಬೆಂಗಳೂರು ರೋಡಿನ ಟೀ ಅಂಗಡಿಯಲ್ಲಿ ಅವನು ಕಡ್ಡಿ ಗೀರಿದ್ದಷ್ಟೇ. ಸದ್ದು ದೊಡ್ಡದಾಗಿ ಬರಲಿಲ್ಲ, ಯಾರೋ ಒದ್ದೆ ಕಂಬಳಿ ಕೊಡವಿದ ಹಾಗೆ ಬಂತು. ಅಂಗಡಿ ನೆಲದ ಮೇಲೆಲ್ಲ ಉರಿ ಓಡಿ ಹೊರಗೆ ಬಂದು ಆರಿಹೋಯ್ತು. ಗೋವಿಂದಣ್ಣ ನಿಂತಲ್ಲೇ ನಿಂತಿದ್ದ. ಹುಬ್ಬು ಇರಲಿಲ್ಲ, ಮೊಣಕೈವರೆಗೆ ಚರ್ಮ ಸುಲಿದು ನೇತಾಡ್ತಿತ್ತು. "ಏನೂ ಆಗಿಲ್ಲ, ಏನೂ ಆಗಿಲ್ಲ" ಅಂತ ತಮಿಳಿನಲ್ಲೂ ಕನ್ನಡದಲ್ಲೂ ಹೇಳ್ತಾನೇ ಇದ್ದ. ಬದುಕಿಕೊಂಡ. ಆದ್ರೆ ಆಮೇಲೆ ಯಾರಾದ್ರೂ ಪಕ್ಕದಲ್ಲಿ ಬೀಡಿ ಹಚ್ಚಿದರೂ ಎದ್ದು ಹೊರಗೆ ಹೋಗಿಬಿಡ್ತಿದ್ದ.

ಅವತ್ತಿಂದ ನಮ್ಮ ಮುದಲಾಳಿ, ಅಂದ್ರೆ ಏಜೆನ್ಸಿ ಯಜಮಾನರು, ಒಂದು ಕಟ್ಟಳೆ ಮಾಡಿದರು. ಗ್ಯಾಸ್ ವಾಸನೆ ಅಂತ ಯಾರಾದ್ರೂ ಕರೆದರೆ, ಹೋದ ತಕ್ಷಣ ಆ ಮನೆಯ ಬೆಂಕಿಪೆಟ್ಟಿಗೆ, ಲೈಟರ್ ಎಲ್ಲ ಇಸ್ಕೊಂಡು ನಮ್ಮ ಚೀಲಕ್ಕೆ ಹಾಕಿ, ಚೀಲವನ್ನ ದೂರ ಇಟ್ಟು, ಆಮೇಲೇ ಒಳಗೆ ಹೋಗಬೇಕು. ಗಂಡಸರ ಜೇಬು ತಟ್ಟಿ ನೋಡಬೇಕು. ಪೆಟ್ಟಿಗೆ ಇದ್ದರೆ ಗಲಗಲ ಅಂತ ಸದ್ದು ಬರುತ್ತಲ್ಲ. ಪೆಟ್ಟಿಗೆ ಸಿಕ್ತಾ, ಬೆಂಕಿ ಸಿಕ್ತು. ಮುದಲಾಳಿ ಒಳ್ಳೇದೇ ಮಾಡಿದರು. ಎಷ್ಟೋ ಮನೆ ಉಳಿದಿದೆ ಆ ಮಾತಿನಿಂದ.

ಸೇಲಂನಲ್ಲಿ ಒಂದು ಮನೆಗೆ ಹೋಗಿದ್ದೆ. ಬ್ಯಾಂಕಿನವರು, ನಮ್ಮ ಕನ್ನಡದೋರೇ. ಅಡುಗೆಮನೆಯ ಮೇಲಿನ ಗೂಡಿನಲ್ಲಿ ದೇವರು, ದೇವರ ಮುಂದೆ ದೀಪ ಉರೀತಾ ಇದೆ, ಕೆಳಗೆ ಸಿಲಿಂಡರ್ ಬುಸ್ ಅಂತಿದೆ. ಪೆಟ್ಟಿಗೆ ಇಸ್ಕೊಳ್ಳೋದಿರಲಿ, ಬೆಂಕಿ ಆಗಲೇ ಹಚ್ಚಿ ಕೂತಿದೆ! ಅಮ್ಮನೋರು ಮಡಿಯುಟ್ಟು ಅಡ್ಡ ನಿಂತರು, ಶುಕ್ರವಾರ ದೀಪ ಆರಿಸಬಾರದು ಅಂತ. ಗ್ಯಾಸು ಗಾಳಿಗಿಂತ ಭಾರ ಕಣ್ರಪ್ಪಾ, ನೆಲ ಹಿಡಿದು ನೀರಿನ ಹಾಗೆ ತುಂಬ್ಕೊಂಡು ಮೇಲಕ್ಕೆ ಬರುತ್ತೆ. ಆ ಗೂಡು ಎತ್ತರ ಇದ್ದದ್ದಕ್ಕೆ ನಾವಿಬ್ಬರೂ ಮಾತಾಡ್ತಾ ನಿಂತಿದ್ದೆವು, ಇಲ್ಲಾಂದ್ರೆ ಮಾತು ಎಲ್ಲಿಂದ ಬಂತು? ನಾನು ಅಳೋ ದನಿಯಲ್ಲೇ ಕೇಳಿದೆ. "ಅಮ್ಮಾ, ಒಂದು ಹೂವು ತಗೊಂಡು ನೀವೇ ದೀಪ ಶಾಂತಿ ಮಾಡಿ, ನಾನು ಮುಟ್ಟಲ್ಲ." ನನ್ನ ಮುಖ ನೋಡಿ ಅವರಿಗೂ ಹೆದರಿಕೆ ಹತ್ತಿತು. ಮಲ್ಲಿಗೆ ದಂಡೆಯನ್ನೇ ದೀಪದ ಮೇಲೆ ಇಟ್ಟುಬಿಟ್ಟರು.

ಇದೆಲ್ಲ ಹೇಳಿದ್ದು ಯಾಕೆ ಅಂದ್ರೆ, ಪೆನ್ನಾಗರಂಗೆ ವರ್ಗ ಆಗಿ ಬರೋ ಹೊತ್ತಿಗೆ ನಾನು ಹೆದರೋದನ್ನ ಪೂರ್ತಿ ಕಲಿತುಬಿಟ್ಟಿದ್ದೀನಿ ಅಂದ್ಕೊಂಡಿದ್ದೆ. ಕಲಿತಿರಲಿಲ್ಲ. ಕೆಂಚಪ್ಪ ತಾತ ಕಲಿಸಿದ.

ಪೆನ್ನಾಗರಂನಿಂದ ಕಾಡಿನ ಕಡೆ ಹೋಗೋ ದಾರಿಯಲ್ಲಿ ಅವರ ಊರು. ಆಡು ಕಾಯೋ ಮನೆತನ, ರಾಗಿ ಹೊಲ. ಆ ಊರಿಗೆಲ್ಲ ಗ್ಯಾಸ್ ಬಂದದ್ದೇ ಈಚೆಗೆ, ಒಂದೊಂದೇ ಮನೆಗೆ ಒಲೆ ಜೋಡಿಸಿಕೊಂಡು ಬರ್ತಿದ್ದೆ. ತಾತನ ಸೊಸೆ ಮಾದಮ್ಮ, ಗಂಡ ತೀರಿಹೋದೋಳು, ಮಾವನನ್ನ ತಾನೇ ನೋಡ್ಕೊಂಡಿದ್ದಳು. ನಾನು ಒಲೆ ಜೋಡಿಸಿ ಹಚ್ಚಿ ತೋರಿಸಿದೆ. ಮಾದಮ್ಮನ ಕಣ್ಣು ಅರಳಿತು, ತಾತ ಮಾತ್ರ ಒಲೆ ಸುತ್ತ ಬಗ್ಗಿ ಬಗ್ಗಿ ನೋಡಿದ.

"ಕೆಂಡ ಎಲ್ಲಿ ಬೀಳ್ತೈತೆ ಇದ್ರಲ್ಲಿ?"

"ಕೆಂಡ ಬೀಳಲ್ಲ ತಾತ, ಬರೀ ಉರಿ."

"ಮತ್ತೆ ನಾನು ಚುಂಗಾಣಿ ಹಚ್ಚೋದು ಎಂಗ್ಲಾ?"

ಚುಂಗಾಣಿ ಅಂದ್ರೆ ಹೊಗೆಸೊಪ್ಪು ತುಂಬಿ ಸೇದೋ ಕೊಳವೆ. ತಾತನದು ಹಳೇ ಮರದ್ದು, ಬಾಯಿ ಹತ್ತಿರ ಹಲ್ಲು ಕಚ್ಚಿ ಕಚ್ಚಿ ಸವೆದಿತ್ತು. ಹುಟ್ಟಿದಾಗಿಂದ ಒಲೆಯ ಕೆಂಡವನ್ನೇ ಬೆರಳಿನಿಂದ ಎತ್ತಿಟ್ಟು ಹಚ್ಚಿದೋನು. ಸೌದೆ ಒಲೆಯಲ್ಲಿ ಉಳಿದಿದ್ದ ಒಂದು ಕೆಂಡ ತಂದು ಚುಂಗಾಣಿ ತುಂಬಿ ನನ್ನ ಮುಂದೆ ಹಿಡಿದ. ಅವರ ಕಡೆ ಅದೊಂದು ಪದ್ಧತಿ. ಮನೆಗೆ ಬಂದೋನಿಗೆ ಮೊದಲ ದಮ್ಮು. ಬಂದೋನೇ ಹಚ್ಚಿ ಎಳೆದು ಕೊಟ್ಟ ಮೇಲೇ ಮನೆಯೋನು ಸೇದಬೇಕು, ಅಲ್ಲಿವರೆಗೆ ತಾನು ಹಚ್ಚೋ ಹಾಗಿಲ್ಲ. ನಾನು ಸೇದಲ್ಲ ಅಂದೆ. ತಾತನಿಗೆ ಬೇಜಾರಾಯ್ತು. "ಓಗ್ಲಿ ಬುಡು, ನಮ್ಮನೆ ದಮ್ಮು ಇಡಿಸ್ಲಿಲ್ಲ ಗ್ಯಾಸ್ನೋನಿಗೆ" ಅಂತ ಗೊಣಗಿಕೊಂಡೇ ಆಚೆ ಹೋದ.

ಆಮೇಲೆ ಒಂದು ಸಲ ಸಿಕ್ಕಾಗ ಮಾದಮ್ಮ ದೂರಿದಳು. ಕೆಂಡ ಇಲ್ಲದೆ ತಾತ ಬೆಂಕಿಪೆಟ್ಟಿಗೆಗೆ ಬಿದ್ದಿದ್ದ. ಮಲಗಿಕೊಂಡೇ ಸೇದಿ ಕಂಬಳಿ ಸುಟ್ಟುಕೊಂಡ. "ಅದಕ್ಕೇ ಪೆಟ್ಟಿಗೆ ನನ್ನ ಸೆರಗಿನಲ್ಲೇ ಕಟ್ಕೊಂಡಿರ್ತೀನಿ ಅಣ್ಣಾ. ಬೇಕಂದ್ರೆ ನಾನೇ ಅಚ್ಚಿ ಕೊಡೋದು." ಜಾಣೆ ಅಂದ್ಕೊಂಡೆ.

ಆ ದಿನ ನಾನು ಪಕ್ಕದ ಊರಿನಲ್ಲೇ ಒಂದು ಒಲೆ ರಿಪೇರಿ ಮಾಡ್ತಿದ್ದೆ. ಬಿಸಿಲು ಏರಿತ್ತು. ಮಾದಮ್ಮನ ಮನೆಯಲ್ಲಿ ಗ್ಯಾಸ್ ವಾಸನೆ ಅಂತ ಫೋನ್ ಬಂತು. ಮೊಪೆಡ್ ಊರ ಮುಂದಿನ ಹುಣಸೆಮರದ ಹತ್ತಿರವೇ ನಿಲ್ಲಿಸಿ, ಇಂಜಿನ್ ಆರಿಸಿ, ಓಡಿದೆ. ಮನೆ ಇನ್ನೂ ದೂರ ಇದೆ, ಆಗಲೇ ವಾಸನೆ ಮೂಗಿಗೆ ಬಡಿಯಿತು. ಮಾದಮ್ಮ ಅಂಗಳದಾಚೆ ನಿಂತು ಬಾಯಿ ಬಡ್ಕೋತಿದ್ದಳು. ಬೆಳಿಗ್ಗೆ ಹೊಸ ಸಿಲಿಂಡರ್ ಹಾಕಿ, ಆಡುಮರಿಗೆ ನಾಯಿ ಬಾಯಿ ಹಾಕದೆ ಇರಲಿ ಅಂತ ಬಾಗಿಲು ಮುಚ್ಚಿ ಹೊಲಕ್ಕೆ ಹೋಗಿದ್ದಳು. ವಾಪಸ್ ಬಂದು ಬಾಗಿಲು ತೆಗೆದರೆ ಒಳಗೆ ಉಸಿರಾಡೋ ಹಾಗಿಲ್ಲ.

"ಮಾವ ಒಳಗವ್ನೆ ಅಣ್ಣಾ! ಬಾ ಅಂದ್ರೆ ಬರಲ್ಲ ಅಂತಾನೆ. ಯಾವ ವಾಸ್ನೆಯೂ ಇಲ್ಲ, ನಿನ್ನ ತಲೆ ಕೆಟ್ಟೈತೆ ಅಂತಾನೆ!"

ತಾತನ ಮೂಗನ್ನ ಹೊಗೆಸೊಪ್ಪು ಯಾವ ಕಾಲದಲ್ಲೋ ತಿಂದುಹಾಕಿತ್ತು. ಅವನಿಗೆ ಗ್ಯಾಸು ನಿಜವಾಗಿಯೂ ಇರಲಿಲ್ಲ.

"ಪೆಟ್ಟಿಗೆ?" ಅಂದೆ. ಮಾದಮ್ಮ ಸೆರಗಿನ ಗಂಟು ಬಿಚ್ಚಿ ಕೊಟ್ಟಳು. ಚೀಲಕ್ಕೆ ಹಾಕಿ ಚೀಲ ಅವಳ ಕೈಗೇ ಕೊಟ್ಟು ಮರದ ಹತ್ತಿರ ಕಳಿಸಿದೆ. ಬೆಂಕಿ ಸಿಕ್ತು ಅಂತ ಒಂದು ಧೈರ್ಯ. ಚಪ್ಪಲಿ ಬಿಟ್ಟು ಒಳಗೆ ಹೋದೆ.

ತಾತ ನೆಲದ ಮೇಲೆ ಒರಳುಕಲ್ಲಿಗೆ ಒರಗಿ ಕೂತಿದ್ದ. ಗ್ಯಾಸು ತುಂಬಿ ನಿಂತಿದ್ದದ್ದೂ ಆ ನೆಲದ ಮೇಲೇ. "ತಾತ, ಏಳು, ಹೊರಗೆ ಬಾ, ಬೆಂಕಿ ಗಿಂಕಿ ಹಚ್ಚಬೇಡ" ಅಂದೆ.

"ಪೆಟ್ಟಿಗೆ ಆ ಮಾರಾಯ್ತಿ ಸೆರಗಲ್ಲೈತೆ, ನಾನೆಲ್ಲಿಂದ ಅಚ್ಲಿ? ಮಂಡಿ ನೋವು, ನಾನು ಏಳಾಕಿಲ್ಲ. ಓಗು, ನಿನ್ನ ಕೆಲ್ಸ ನೋಡೋಗು."

ಅವನನ್ನ ಎಳೆದಾಡೋದಕ್ಕಿಂತ ಮೊದಲು ಗ್ಯಾಸ್ ನಿಲ್ಲಿಸೋಣ ಅಂತ ಅಡುಗೆ ಜಾಗಕ್ಕೆ ಅಡ್ಡ ಇದ್ದ ಮೋಟುಗೋಡೆ ದಾಟಿ ಒಲೆ ಹತ್ತಿರ ಹೋದೆ. ಸಿಲಿಂಡರಿನ ಬಾಯೊಳಗೆ ಇರಬೇಕಾದ ವಾಷರೇ ಇರಲಿಲ್ಲ, ಅಲ್ಲಿಂದ ಬುಸುಗುಡ್ತಿತ್ತು. ರೆಗ್ಯುಲೇಟರ್ ಕಳಚಿ, ಮುಚ್ಚಳ ಒತ್ತಿದೆ. ಸದ್ದು ನಿಂತಿತು. ಅಬ್ಬಾ ಅಂತ ತಿರುಗಿದೆ.

ತಾತನ ಬಾಯಲ್ಲಿ ಚುಂಗಾಣಿ. ತುಂಬಿ ಒತ್ತಿ ರೆಡಿ ಮಾಡ್ಕೊಂಡಿದ್ದಾನೆ. ಎಡಗೈಯನ್ನ ಕಿವಿ ಹಿಂದಕ್ಕೆ ಹಾಕಿ ಏನೋ ತೆಗೆದ. ಒಂದು ಬೆಂಕಿಕಡ್ಡಿ. ಕೆಂಪು ತಲೆ, ಆ ತಲೆಯ ತುದಿಯಲ್ಲಿ ಬೆಳ್ಳಗೆ ಒಂದು ಚುಕ್ಕೆ.

ಅಂಥ ಕಡ್ಡಿ ಬಗ್ಗೆ ನಾನು ಕೇಳಿದ್ದೆ, ನೋಡಿರಲಿಲ್ಲ. ಅದಕ್ಕೆ ಪೆಟ್ಟಿಗೆ ಬೇಕಿಲ್ಲ. ಕಲ್ಲು, ಗೋಡೆ, ಚಪ್ಪಲಿ ಅಟ್ಟೆ, ಉಗುರು, ಎಲ್ಲಿ ಗೀರಿದರೂ ಹತ್ತಿಕೊಳ್ಳುತ್ತೆ. ತಾತ ಕಡ್ಡಿ ಹಿಡಿದ ಕೈಯನ್ನ ನಿಧಾನಕ್ಕೆ ಪಕ್ಕದ ಒರಳುಕಲ್ಲಿನ ಕಡೆ ತಂದ.

ನಿಜ ಹೇಳ್ತೀನಿ, ಮೊದಲು ಬಂದದ್ದು ಬಾಗಿಲ ಕಡೆ ಓಡೋ ಯೋಚನೆ. ಕಾಲು ಬರಲಿಲ್ಲ. ಕೂಗೋಣ ಅಂದ್ರೆ, ಕೂಗಿದರೆ ಬೆಚ್ಚಿಬೀಳ್ತಾನೆ, ಕೈ ಕಲ್ಲಿಗೆ ತಗಲುತ್ತೆ. ಹಾರಿ ಹಿಡಿಯೋಣ ಅಂದ್ರೆ ಮಧ್ಯೆ ಮೋಟುಗೋಡೆ. ಬೇಡ ಅಂದ್ರೆ ಈ ಮುದುಕ ಕೇಳೋ ಜಾತಿಯಲ್ಲ, ಬೇಡ ಅಂದದ್ದಕ್ಕೇ ಹಚ್ಚೋನು. ಗೋವಿಂದಣ್ಣನ ಹುಬ್ಬಿಲ್ಲದ ಮುಖ ಕಣ್ಣೆದುರು ಬಂತು. ಬಾಯಿಗೆ ಅದೆಲ್ಲಿಂದ ಬಂತೋ ಆ ಮಾತು, ನನ್ನ ದೇವರೇ ಕೊಟ್ಟ.

"ತಾತ, ಮೊದಲ್ನೇ ದಮ್ಮು ನಂಗೆ ಕೊಡು."

ತಾತನ ಕೈ ಕಲ್ಲಿನ ಹತ್ತಿರ ನಿಂತಿತು. ತಲೆಯೆತ್ತಿ ನೋಡಿದ.

"ಸೇದಲ್ಲ ಅಂದಿದ್ದೆ?"

"ಅವತ್ತು ಬೇಡ ಅಂದೆ. ಇವತ್ತು ಮನಸ್ಸಾಗೈತೆ. ಬಂದೋನಿಗೆ ತಾನೇ ಮೊದಲ್ನೇದು?"

ಮುಖ ಅರಳಿತು ಮುದುಕನಿಗೆ. ಅಷ್ಟು ದಿನದ ಬೇಜಾರೆಲ್ಲ ಇಳಿದುಹೋಯ್ತೇನೋ. ಬಾಯಿಂದ ಚುಂಗಾಣಿ ತೆಗೆದು, ಪಂಚೆಯಲ್ಲಿ ಒರೆಸಿ, ಕಡ್ಡಿ ಜೊತೆಗೆ ಬಲಗೈಯಲ್ಲಿ ಮರ್ಯಾದೆಯಿಂದ ಮುಂದೆ ಹಿಡಿದ. ನಾನು ಗೋಡೆ ಸುತ್ತಿ ಹೋಗಿ ಎರಡೂ ಕೈ ಚಾಚಿ ಇಸ್ಕೊಂಡೆ.

ಈಗ ಆ ಕಡ್ಡಿ ನನ್ನ ಕೈಯಲ್ಲಿ. ಬುಡದಲ್ಲಿ ಹಿಡಿದು, ತಲೆ ಮೇಲೆ ಮಾಡಿ, ಅಂಗಿಗೆ ತಗಲದ ಹಾಗೆ ಕೈ ನೀಡಿಕೊಂಡು ಬಾಗಿಲ ಕಡೆ ನಡೆದೆ. ಬೆರಳು ಬೆವರಿ ಕಡ್ಡಿ ಜಾರ್ತಾ ಇದೆ. ಕೆಳಗೆ ಬಿದ್ದರೆ ಕಲ್ಲುಹಾಸಿನ ನೆಲ.

"ಎಲ್ಲಿಗ್ಲಾ ಓಯ್ತಿದ್ದೀಯ ನನ್ನ ಚುಂಗಾಣಿ ಎತ್ಕೊಂಡು?"

"ನೆರಳಲ್ಲಿ ಕೂತು ಸೇದೋಣ ಬಾ ತಾತ, ಇಲ್ಲಿ ಸೆಕೆ."

ಮಾತಿಗೆ ಏಳದೋನು ಚುಂಗಾಣಿ ಹಿಂದೆ ಎದ್ದ. ಮಂಡಿ ನೋವೆಲ್ಲ ಎಲ್ಲಿ ಹೋಯ್ತೋ! ಅವನ ಊರುಗೋಲಿನ ತುದಿಗೆ ಕಬ್ಬಿಣದ ಕಟ್ಟು, ಕಲ್ಲಿನ ಮೇಲೆ ಠಣ್ ಠಣ್ ಅಂತ ನನ್ನ ಹಿಂದೆ ಬರ್ತಿದೆ. ಒಂದೊಂದು ಠಣ್‌ಗೂ ಇದೇ ಕೊನೇದು ಅಂದ್ಕೊಂಡೆ. ಹಿಂದಕ್ಕೆ ತಿರುಗಿ ಕೋಲು ಬಿಡು ಅನ್ನೋ ಧೈರ್ಯವೂ ಇರಲಿಲ್ಲ. ಹೊಸಿಲು ದಾಟಿದೆ, ಅಂಗಳ ದಾಟಿದೆ, ಆಡಿಗೆ ನೀರಿಡೋ ಕಲ್ಲುಬಾನಿಯೊಳಗೆ ಕಡ್ಡಿಯನ್ನ ತಲೆಕೆಳಗಾಗಿ ಅದ್ದಿದೆ.

"ಥೂ ನಿನ್ನ! ಒಳ್ಳೇ ಕಡ್ಡಿ ನೀರಿಗಾಕ್ದಲ್ಲೋ!"

ಹುಣಸೆಮರದ ಕೆಳಗೆ ಬಂದು ಕುಸಿದೆ. ತಾತ ಬೈಕೊಂಡೇ ಬಂದು ಪಕ್ಕ ಕೂತು, "ಓಗ್ಲಿ, ಇನ್ನೊಂದು ಕೊಡ್ತೀನಿ" ಅಂತ ಸೊಂಟದ ಸಂಚಿ ಬಿಚ್ಚಿದ. ಹೊಗೆಸೊಪ್ಪು, ಚುಂಗಾಣಿ ಕೆರೆಯೋ ಮೊಳೆ, ಅದರ ಜೊತೆಗೇ ಒಂದು ಹಿಡಿ ಕಡ್ಡಿ, ಬಿಡಿಬಿಡಿಯಾಗಿ, ಒಂದಕ್ಕೊಂದು ಉಜ್ಜಿಕೊಂಡು. ಮೊಮ್ಮಗಳ ಗಂಡ ಶಿವಕಾಶಿ ಕಡೆ ಬೆಂಕಿಪೆಟ್ಟಿಗೆ ಕಾರ್ಖಾನೆಯಲ್ಲಿ ಕೆಲಸಕ್ಕೆ ಇದ್ದನಂತೆ. ಹೊರದೇಶಕ್ಕೆ ಕಳಿಸೋ ಕಡ್ಡಿ, ತಾತನಿಗೆ ಅಂತ ಹಿಡಿ ತುಂಬ ತಂದುಕೊಟ್ಟಿದ್ದ. "ಪೆಟ್ಟಿಗೆ ಅವ್ಳು ಇಟ್ಕೊಳ್ಳಿ, ನಂಗ್ಯಾಕೆ ಪೆಟ್ಟಿಗೆ" ಅಂತ ತಾತ ಕಣ್ಣು ಮಿಟುಕಿಸಿದ. ಮಾದಮ್ಮ ಸೆರಗಿನ ತುದಿ ಹಿಡಿದುಕೊಂಡು ಕಲ್ಲಿನ ಹಾಗೆ ನಿಂತಿದ್ದಳು.

ನಾನು ಆ ಮೊಳೆಯನ್ನ ಮೊದಲು ಕಡ್ಡಿಗೆ ಉಜ್ಜದ ಹಾಗೆ ಬೇರೆ ಎತ್ತಿಟ್ಟೆ. ಆಮೇಲೆ ತಾತನಿಗೆ ಒಳಗೆ ಏನಾಗ್ತಿತ್ತು ಅಂತ ಹೇಳಿದೆ. ಅವನು ನಂಬದೆ ಮಾದಮ್ಮನ ಮುಖ ನೋಡಿದ. ಅವಳು ಹೂಂ ಅಂತ ತಲೆಯಾಡಿಸಿ ಅಳೋಕೆ ಶುರು ಮಾಡಿದಳು. ತಾತ ಕೊನೆಗೆ ಕೇಳಿದ್ದು ಇಷ್ಟೇ:

"ಮರಿಗಳು ಒಳಗೇ ಇದ್ವಲ್ಲೋ?"

ಕವುಚಿಟ್ಟ ಮಂಕರಿ ಬುಟ್ಟಿಯ ಕೆಳಗೆ ಎರಡು ಆಡುಮರಿ. ಮನೆಗೆ ಗಾಳಿಯಾಡಿದ ಮೇಲೆ ನಾನೇ ಎತ್ತಿಕೊಂಡು ಬಂದೆ, ಮಂಕಾಗಿದ್ದವು, ಬಿಸಿಲಿಗೆ ಬಿಟ್ಟ ಮೇಲೆ ಚೇತರಿಸಿಕೊಂಡವು. ತಾತ ಅವುಗಳ ಮೈ ಸವರಿ ಸವರಿ, ಸಂಚಿಯಲ್ಲಿದ್ದ ಕಡ್ಡಿಯೆಲ್ಲ ನನ್ನ ಮುಂದೆ ಸುರಿದ. "ತಗಂಡೋಗು. ನಂಗೆ ಕೆಂಡವೇ ಸಾಕು." ಅವತ್ತಿಂದ ಮಾದಮ್ಮ ಅಂಗಳದ ಮೂಲೆಯಲ್ಲಿ, ಮನೆಯಿಂದ ದೂರಕ್ಕೆ, ತಾತನಿಗೋಸ್ಕರವೇ ಒಂದು ಸೌದೆ ಒಲೆ ಇಟ್ಟಳು. ಆದ್ರೆ ಅವತ್ತು ಮುದುಕ ನನ್ನ ಸುಮ್ಮನೆ ಬಿಡಲಿಲ್ಲ. ಕೇಳಿದ ಮೇಲೆ ಎಳೀಲೇಬೇಕು ಅಂತ ಹಠ. ಮರದ ಬುಡದ ಕಲ್ಲಿಗೆ ಕಡ್ಡಿ ಗೀರೋಕೆ ಹೋದರೆ ನನ್ನ ಕೈ ನಿಲ್ಲಲಿಲ್ಲ. ಗೀರೋಕೇ ಆಗಲಿಲ್ಲ.

"ಬೆಂಕಿಗೆ ಎದ್ರೋನು ಗ್ಯಾಸ್ ಕೆಲ್ಸಕ್ಕೆ ಯಾಕ್ ಬಂದ್ಯೋ ಮಗಾ?" ಅಂತ ನಕ್ಕು ತಾನೇ ಹಚ್ಚಿ ಕೊಟ್ಟ. ಒಂದು ದಮ್ಮಿಗೆ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ಕೆಮ್ಮಿಗೇ ಬಂತು ಅಂತ ಅವರು ಅಂದ್ಕೊಂಡರು.

ಈ ಕಥೆಯನ್ನ ನಾನು ಹೇಳದ ಜಾಗ ಇಲ್ಲ. ಹೊಸಬರು ಬಂದಾಗೆಲ್ಲ ಹೇಳೋದೇ. "ಪೆಟ್ಟಿಗೆ ಇಸ್ಕೊಂಡೆ ಅಂತ ನಿಲ್ಲಬೇಡಿ. ಮೊದಲು ಮನುಷ್ಯನನ್ನ ಹೊರಗೆ ತನ್ನಿ, ಆಮೇಲೆ ಸಿಲಿಂಡರ್. ಬೆಂಕಿ ಹಿಡಿದೋನ ಮೇಲೆ ಮಾತ್ರ ಕೂಗಬೇಡಿ." ನನ್ನ ಹೆಂಡತಿ ಗೌರಿ ಅಡುಗೆಮನೆಯಿಂದಲೇ "ಶುರುವಾಯ್ತಾ ಚುಂಗಾಣಿ ಪುರಾಣ" ಅಂತ ಪಾತ್ರೆ ಕುಟ್ಟೋಳು.

ಈಗ ಬರೋರ ಹತ್ತಿರ ವಾಸನೆ ಹಿಡಿಯೋ ಮೆಷಿನ್ ಇರುತ್ತೆ, ಕೀಂಕೀಂ ಅಂತ ಕೂಗುತ್ತೆ. ಒಳ್ಳೇದೇ. ನಮಗೆ ಇದ್ದದ್ದು ಮೂಗೊಂದೇ. ಬೀದಿ ತುದಿಯಲ್ಲಿ ನಿಂತು ಯಾವ ಮನೆ ಅಂತ ಹೇಳ್ತಿದ್ದೆ. ಆ ದೊಡ್ಡ ಕಾಯಿಲೆ ಊರೂರು ಸುತ್ತಿದಾಗ ನನಗೂ ಜ್ವರ ಬಂತು. ಜ್ವರ ಹೋಯ್ತು, ಮೂಗು ವಾಪಸ್ ಬರಲಿಲ್ಲ. ಗೌರಿ ಒಗ್ಗರಣೆ ಹಾಕಿದರೆ ಸದ್ದು ಮಾತ್ರ ಕೇಳ್ತಿತ್ತು. ಡಾಕ್ಟರು ಬರುತ್ತೆ ಬರುತ್ತೆ ಅಂದರು. ಬರಲಿಲ್ಲ, ನಾನು ಕೆಲಸ ಬಿಟ್ಟೆ.

ಹೋದ ಸಂಕ್ರಾಂತಿ ಕಳೆದು ಸ್ವಲ್ಪ ದಿನಕ್ಕೆ, ಬೆಳಿಗ್ಗೆ, ಗೌರಿ ಸೊಪ್ಪು ಕೊಳ್ಳೋಕೆ ಬೀದಿಗೆ ಹೋಗಿದ್ದಳು. ಚಳಿ ಅಂತ ಕಿಟಕಿ ಎಲ್ಲ ಮುಚ್ಚಿತ್ತು. ಒಂದು ಕಾಫಿ ಕುಡಿಯೋಣ ಅನ್ನಿಸಿತು. ಒಲೆ ಮೇಲೆ ಹಾಲಿನ ಪಾತ್ರೆ ಇತ್ತು, ಉಕ್ಕಿದ ಗುರುತು ಇತ್ತು, ಕೆಳಗೆ ಉರಿ ಇರಲಿಲ್ಲ. ಬಿಸಿ ಮಾಡೋಣ ಅಂತ ಲೈಟರ್ ಎತ್ತಿಕೊಂಡು ಒಲೆ ಹತ್ತಿರ ತಂದೆ.

"ಏನಂದ್ರೆ."

ಗೌರಿ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ದನಿ ಮೆತ್ತಗಿತ್ತು, ನಮ್ಮ ಮದುವೆಯಾದ ಹೊಸದರಲ್ಲೂ ಅಷ್ಟು ಮೆತ್ತಗೆ ಮಾತಾಡಿದೋಳಲ್ಲ. ಕೈಯಲ್ಲಿದ್ದ ಸೊಪ್ಪಿನ ಕಟ್ಟು ಮಾತ್ರ ಎಲೆಎಲೆಯೂ ನಡುಗ್ತಿತ್ತು.

"ಮೊದಲ್ನೇ ದಮ್ಮು ನಂಗೆ ಕೊಡಿ."

ನನಗೆ ಒಂದು ಕ್ಷಣ ಅರ್ಥ ಆಗಲಿಲ್ಲ. ಆಮೇಲೆ ಆಯ್ತು. ಬೆರಳನ್ನ ಲೈಟರಿನ ಗುಂಡಿಯಿಂದ ಎತ್ತಿ, ಬಲಗೈಯಲ್ಲಿ ಅವಳ ಮುಂದೆ ಹಿಡಿದೆ. ಅವಳು ಇಸ್ಕೊಂಡು ಮುಂದೆ ನಡೆದಳು, ನಾನು ಅವಳ ಹಿಂದೆ ನಡೆದೆ. ಬೀದಿಗೆ ಬಂದು ಎದುರು ಮನೆಯ ಜಗುಲಿ ಮೇಲೆ ಕೂತೆ. ಗೌರಿ ಲೈಟರನ್ನ ನನ್ನ ಪಕ್ಕ ಇಟ್ಟು ವಾಪಸ್ ಒಳಗೆ ಹೋದಳು. ಬೇಡ, ನಾನು ಹೋಗ್ತೀನಿ ಅನ್ನಬೇಕಿತ್ತು. ಬಾಯಿ ಬರಲಿಲ್ಲ, ಕಾಲೂ ಏಳಲಿಲ್ಲ. ಒಲೆ ತಿರುಪು ಮುಚ್ಚಿ, ಕಿಟಕಿಗಳನ್ನ ಒಂದೊಂದಾಗಿ ತೆಗೆಯೋ ಸದ್ದು ಕೇಳಿತು. ಕೊನೆಗೆ ಅವಳು ಹೊರಗೆ ಬಂದು ಪಕ್ಕದಲ್ಲಿ ಕೂತು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ನಮ್ಮನೆ ಬಾಗಿಲು ಅಗಲವಾಗಿ ತೆಗೆದಿತ್ತು. ನಾನು ಅದರ ಕಡೆ ಮುಖ ಮಾಡಿ, ಎದೆ ತುಂಬ ಗಾಳಿ ಎಳ್ಕೊಂಡು ನೋಡಿದೆ. ಒಂದು ಸಲ, ಇನ್ನೊಂದು ಸಲ. ಬರೀ ತಣ್ಣನೆ ಗಾಳಿ.

"ಹೋಯ್ತಾ ವಾಸನೆ?" ಅಂತ ಅವಳನ್ನ ಕೇಳಿದೆ.

"ಇನ್ನೂ ಇಲ್ಲ" ಅಂದಳು.